ಆರಿಸಿದ ಟಪಾಲು, ಬಿಟ್ಟ ಟಪಾಲು

ನನಗೆ ಕೆಲಸ ಕಲಿಸಿದ ಹಿರಿಯರ ಬೀಳ್ಕೊಡುಗೆಯ ದಿನ ನಾಲ್ಕು ಮಾತಾಡಬೇಕೆಂದು ಆಫೀಸಿನವರು ಮೊದಲು ನನ್ನನ್ನೇ ಕೇಳಿದ್ದರು. ನಾನು ಎದ್ದು ನಿಂತರೆ ನಾಲ್ಕು ಮಾತು ಹನ್ನೆರಡು ನಿಮಿಷವಾಗುತ್ತದೆ, ಅದರಲ್ಲಿ ಮೂರು ನಿಮಿಷ ಯಾರದಾದರೂ ಖಂಡನೆಯಾಗಿರುತ್ತದೆ ಎಂದು ಯಾರೋ ಮ್ಯಾನೇಜರ ಕಿವಿಗೆ ಹಾಕಿರಬೇಕು. ಹಿಂದಿನ ಸಂಜೆ ಕಾರ್ಯಕ್ರಮದ ಪಟ್ಟಿಯಿಂದ ನನ್ನ ಹೆಸರು ಹೋಗಿ ಆ ಜಾಗಕ್ಕೆ ಕೇಕು ಬಂದಿತ್ತು. ಕೇಕು ಚೆನ್ನಾಗಿಯೇ ಇತ್ತು. ಆದರೆ ಅವರ ಬಗ್ಗೆ ಹೇಳಬೇಕಾದ್ದನ್ನು ಅದು ಹೇಳಲಿಲ್ಲ. ಆ ಬಾಕಿ ಕೆಲಸ ಇಲ್ಲಿ ಮಾಡುತ್ತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಯಾವುದಕ್ಕಾದರೂ ಹೆಸರಿಡುವ ಮುಂಚೆ ಅವರು ಎಷ್ಟು ಹೊತ್ತು ಹಿಂದೆಮುಂದೆ ನೋಡುತ್ತಿದ್ದರೆಂದು ಬಲ್ಲವರು ಇದಕ್ಕೆ ಆಕ್ಷೇಪ ಎತ್ತಲಾರರು.

ನಮ್ಮ ಆಫೀಸು ವಿಮಾನ ನಗರದ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿದೆ. ರಕ್ತ ಪರೀಕ್ಷೆ ಮಾಡುವ ಲ್ಯಾಬುಗಳಿಗೆ ರಿಪೋರ್ಟು ತಯಾರಿಸಿಕೊಡುವ ಸಾಫ್ಟ್‌ವೇರ್ ನಮ್ಮದು. ಲ್ಯಾಬಿನವರ ದೂರಿನಿಂದ ಹಿಡಿದು ನಮ್ಮೊಳಗಿನ ಮಾತುಕತೆಯವರೆಗೆ ಪ್ರತಿಯೊಂದು ಇಮೇಲ್‌ನ ಒಂದು ಪ್ರತಿ ಒಂದೇ ಸಾರ್ವಜನಿಕ ಪೆಟ್ಟಿಗೆಗೆ ಬಂದು ಬೀಳುತ್ತದೆ. ಆ ಪೆಟ್ಟಿಗೆ ಅವರ ವಶದಲ್ಲಿತ್ತು. ಮೇಲ್ ಎಂಬ ಪದವನ್ನು ಅವರು ಬಳಸಿದ್ದು ನಾನು ಕೇಳಿಲ್ಲ, ಎಲ್ಲವೂ ಟಪಾಲು. ಧಾರವಾಡದಿಂದ ಮೂವತ್ತು ವರ್ಷದ ಹಿಂದೆ ಈ ಮರಾಠಿ ಊರಿಗೆ ಬಂದು ಕೋಥರೂಡ ಬಡಾವಣೆಯ ಒಂದು ಹೌಸಿಂಗ್ ಸೊಸೈಟಿಯಲ್ಲಿ ನೆಲೆಯಾದವರು. ಎರಡು ಸಿಟಿ ಬಸ್ಸು ಬದಲಿಸಿ ಬರುತ್ತಿದ್ದರು. ಗೇಟಿನ ಕಾವಲುಗಾರರು ಅವರ ಮರಾಠಿ ಕೇಳಿ ಕೊಲ್ಹಾಪುರದವರೆಂದು ತಿಳಿದಿದ್ದರು. ಅವರು ಅದನ್ನು ಒಪ್ಪಿಯೂ ಇರಲಿಲ್ಲ, ಅಲ್ಲಗಳೆದೂ ಇರಲಿಲ್ಲ.

ತುಮಕೂರಿನಿಂದ ಬಂದ ನನ್ನನ್ನು ಕೆಲಸಕ್ಕೆ ಸೇರಿದ ಮೊದಲ ದಿನವೇ ಅವರ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಕೋಡ್ ಬರೆಯುವುದರ ಜೊತೆಗೆ ದಿನಕ್ಕೆರಡು ತಾಸು ದೂರು ಓದುವುದನ್ನೂ ಕಲಿಯಬೇಕೆಂಬುದು ಅಲ್ಲಿನ ಪದ್ಧತಿ. ಅವರ ಪರದೆ ಕಪ್ಪು, ಅಕ್ಷರ ಬಿಳಿ. ಒತ್ತುವ ಗುಂಡಿ, ಬಣ್ಣ, ಚಿತ್ರ ಒಂದೂ ಇಲ್ಲ. ಪ್ರತಿ ಟಪಾಲಿಗೂ ಒಂದು ಸಂಖ್ಯೆ, ಒಂದು ಸಾಲು. ಏನು ಬೇಕಾದರೂ ಆಜ್ಞೆಯನ್ನು ಟೈಪ್ ಮಾಡಿಯೇ ಪಡೆಯಬೇಕು. ಮೌಸು ಅವರ ಡ್ರಾಯರಿನಲ್ಲಿ ಊಟದ ಡಬ್ಬಿಯ ಚಮಚದ ಪಕ್ಕ ಮಲಗಿರುತ್ತಿತ್ತು.

"ಸಾರ್, ಇದೆಲ್ಲ ಬ್ರೌಸರಲ್ಲೇ ಬರುತ್ತಲ್ಲ, ಇದನ್ನ ಇನ್ನೂ ಯಾಕೆ ಇಟ್ಕೊಂಡಿದ್ದೀರ?" ಎಂದೆ.

"ಇದು ಅಕ್ಷರ ತೋರಿಸ್ತದ."

"ಅದೂ ಅಕ್ಷರಾನೇ ತೋರಿಸುತ್ತೆ."

"ಅದು ಮತ್ತ ಏನೇನೋ ತೋರಿಸ್ತದ್ರಿ."

ನಾನು ಇದು ಉತ್ತರವಲ್ಲ, ಅಭಿರುಚಿ ಎಂದು ಹೇಳಿ, ಅಭಿರುಚಿಗೂ ಕಾರಣಕ್ಕೂ ಇರುವ ವ್ಯತ್ಯಾಸವನ್ನು ಸ್ವಲ್ಪ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು. "ಕಾಲೇಜಿನ್ಯಾಗ ಚರ್ಚಾಸ್ಪರ್ಧೆ ಮಾಡ್ತಿದ್ರೇನು?" ಎಂದರು. ಹೌದು, ಎಂಟು ಕಪ್ ಗೆದ್ದಿದ್ದೇನೆ ಎಂದೆ. ಪರವೋ ವಿರೋಧವೋ ಚೀಟಿ ಎತ್ತಿದ ಮೇಲೆ ಗೊತ್ತಾಗುತ್ತದೆ, ಆಮೇಲೆ ಐದು ನಿಮಿಷ ಕೊಡುತ್ತಾರೆ, ಅಷ್ಟರಲ್ಲಿ ನಮ್ಮ ಕಡೆಗೆ ಬೇಕಾದ ಅಂಶಗಳನ್ನು ಹೆಕ್ಕಿಕೊಳ್ಳಬೇಕು ಎಂದೂ ಹೇಳಿದೆ.

"ಅಂದ್ರ ಮೊದಲು ಚೀಟಿ, ಆಮ್ಯಾಲೆ ಆರಿಸೋದು."

"ಹೌದು ಸಾರ್."

"ಭಾಳ ಛಲೋ ಆತು ವಕೀಲ್ರ, ಕೂಡ್ರಿ" ಎಂದರು. ಅವತ್ತಿನಿಂದ ಅವರ ಬಾಯಲ್ಲಿ ನನ್ನ ಹೆಸರು ಅದೇ.

ಆರಿಸೋದು ಎಂಬುದು ಅವರ ಇಡೀ ಕಸುಬನ್ನು ಹೇಳುವ ಪದ. ಅಕ್ಕಿ ಆರಿಸುವುದಕ್ಕೂ ಟಪಾಲು ಆರಿಸುವುದಕ್ಕೂ ಅವರಲ್ಲಿ ಬೇರೆ ಬೇರೆ ಕ್ರಿಯಾಪದ ಇರಲಿಲ್ಲ. ಒಂದು ಆಜ್ಞೆ ಕೊಟ್ಟರೆ ಸಾಕು: ಇಂಥವರು ಕಳಿಸಿದ, ಇಂಥ ದಿನದ ನಂತರದ, ವಿಷಯದ ಸಾಲಿನಲ್ಲಿ ಇಂಥ ಪದವಿರುವ ಟಪಾಲುಗಳೆಲ್ಲ ಒಂದು ಗುಂಪಾಗುತ್ತವೆ. ಆ ಗುಂಪಿಗೆ ಒಂದು ಹೆಸರಿಟ್ಟರೆ ಆಮೇಲೆ ಆ ಹೆಸರು ಹೇಳಿಯೇ ಎಲ್ಲವನ್ನೂ ಒಟ್ಟಿಗೆ ಓದಬಹುದು, ಕಳಿಸಬಹುದು, ಅಳಿಸಬಹುದು. ಅವರ ಗುಂಪುಗಳ ಹೆಸರೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಟೈಪಿಸಿದ ಧಾರವಾಡದ ಕನ್ನಡ. ಉತ್ತರಕ್ಕೆ ಕಾದಿರುವವು 'ಕಾಯತಾವ'. ಸಿಟ್ಟಿನಲ್ಲಿ ಬರೆದವು 'ಸಿಟ್ಟು'. ಯಾರೂ ಏನೂ ಕೇಳದೆ ಸುಮ್ಮನೆ ಬರೆದವು 'ಸುಮ್ನ'. ಲ್ಯಾಬಿನವರಲ್ಲಿ ಕೆಲವರು ಹಬ್ಬಕ್ಕೆ ಶುಭಾಶಯ ಕಳಿಸುತ್ತಿದ್ದರು. ಅವನ್ನು ಅವರು 'ಸುಮ್ನ'ದಲ್ಲಿ ಹಾಕುತ್ತಿದ್ದರು, ಆದರೆ ಉತ್ತರ ಬರೆದ ಮೇಲೆ.

ಫೋಲ್ಡರು ಮಾಡಿ ಬೇರೆ ಬೇರೆ ಇಟ್ಟರೆ ಆಗದೇ ಎಂದು ನಾನು ವಾದಿಸಿದೆ.

"ನಿಮ್ಮ ಅಪ್ಪಾರು ನಿಮಗ ಅಪ್ಪ ಅಷ್ಟ ಅಲ್ಲ, ಯಾರಿಗೋ ಅಳಿಯಾನೂ ಅದಾರ, ಯಾರಿಗೋ ಮಾವಾನೂ ಅದಾರ. ಅವರನ್ನ ಯಾವ ಖೋಲ್ಯಾಗ ಕೂಡಸ್ತೀರಿ?"

ಟಪಾಲು ತನ್ನ ಜಾಗದಲ್ಲೇ ಇರುತ್ತದೆ, ಹೆಸರಷ್ಟೇ ಬಂದುಹೋಗುತ್ತದೆ, ಒಂದೇ ಟಪಾಲು ಸಿಟ್ಟಿನಲ್ಲೂ ಇದ್ದು ಕಾಯುತ್ತಲೂ ಇರಬಹುದು ಎಂಬುದು ಅದರ ತಾತ್ಪರ್ಯ. ಉಪಮೆ ಸಾಕ್ಷ್ಯವಲ್ಲ ಎಂದೆ. ಅಲ್ಲ ಎಂದು ಅವರೂ ಒಪ್ಪಿದರು. ಅವರ ಜೊತೆ ವಾದ ಮಾಡುವುದರ ಕಷ್ಟ ಇದು. ಒಪ್ಪಿಬಿಡುತ್ತಿದ್ದರು, ಬದಲಾಗುತ್ತಿರಲಿಲ್ಲ.

ಒಮ್ಮೆ ಒಬ್ಬ ಲ್ಯಾಬ್ ಮಾಲೀಕ ಒಂದೇ ದಿನ ಹನ್ನೊಂದು ಟಪಾಲು ಕಳಿಸಿದ. ಮೂರು ಓದಿ, ಹನ್ನೊಂದನ್ನೂ ಸೇರಿಸಿ ಗುಂಪು ಮಾಡಿ 'ತಲೆನೋವು' ಎಂದು ಹೆಸರಿಟ್ಟೆ. ಅವರು ನನ್ನ ಭುಜದ ಹಿಂದಿನಿಂದ ನೋಡಿದರು.

"ಎಷ್ಟು ಓದಿದ್ರಿ?"

"ಮೂರು. ಪ್ಯಾಟರ್ನ್ ಗೊತ್ತಾಯ್ತು ಸಾರ್."

"ಹೆಸರಿಟ್ಟ ಮ್ಯಾಲೆ ಓದೂದು ನಿಂತು ಹೋಗ್ತದ್ರಿ. ಮೊದಲ ಓದ್ರಿ, ಕಡೀಕ ಹೆಸರು."

ಗುಂಪನ್ನು ಅಳಿಸಿ ಹನ್ನೊಂದನ್ನೂ ಓದಿಸಿದರು. ಒಂಬತ್ತನೆಯದರಲ್ಲಿ ಒಂದು ನಿಜವಾದ ದೋಷವಿತ್ತು. ಹನ್ನೊಂದನೆಯದು ಕ್ಷಮಾಪಣೆ. ಉಳಿದ ಒಂಬತ್ತು ತಲೆನೋವೇ ಅಲ್ಲವೇ ಎಂದು ನಾನು ಬಿಡಲಿಲ್ಲ. "ಹೌದು. ಹಂಗಾರ ಆ ಒಂಬತ್ತಕ್ಕ ಇಡ್ರಿ" ಎಂದರು.

ಇನ್ನೊಂದು ಅಭ್ಯಾಸ ನನಗೆ ಅಪ್ಪಟ ಮೂಢನಂಬಿಕೆಯಂತೆ ಕಾಣುತ್ತಿತ್ತು. ಆ ವ್ಯವಸ್ಥೆಯಲ್ಲಿ ನಮಗೆ ಬೇಕಾದ ಒಂದು ಪದವನ್ನು ಗೊತ್ತುಮಾಡಿಟ್ಟರೆ, ಯಾವುದೇ ಗುಂಪಿನ ಹೆಸರಿನ ಹಿಂದೆ ಆ ಪದ ಸೇರಿಸಿದಾಗ ಗುಂಪಿಗೆ ಸೇರದೆ ಉಳಿದವೆಲ್ಲ ಬರುತ್ತವೆ. ಅವರು ಗೊತ್ತುಮಾಡಿದ್ದ ಪದ 'ಅಲ್ಲ'. ದಿನಾ ಸಂಜೆ ಐದೂಕಾಲಕ್ಕೆ ಚಹಾ ಹಿಡಿದು ಕೂತು, ಅವತ್ತು ಆರಿಸಿದ ಗುಂಪುಗಳ ಹಿಂದೆ 'ಅಲ್ಲ' ಹಾಕಿ, ಬಿಟ್ಟುಹೋದ ಟಪಾಲುಗಳ ಮೇಲೆ ಒಂದೊಂದಾಗಿ ಕಣ್ಣಾಡಿಸುತ್ತಿದ್ದರು.

"ಓದೋದು ಕಮ್ಮಿಯಾಗ್ಲಿ ಅಂತ ತಾನೇ ಆರಿಸೋದು? ಬಿಟ್ಟಿದ್ದನ್ನೂ ಓದೋ ಹಾಗಿದ್ರೆ ಆರಿಸಿದ್ದು ಯಾಕೆ ಸಾರ್?"

"ಆರಿಸಿದ್ದರಾಗ ನಾ ಕಾಣ್ತೀನ್ರಿ. ಬಿಟ್ಟದ್ದರಾಗ ಟಪಾಲು ಕಾಣ್ತದ."

ಇದು ಗಾದೆಯಾಗಬಹುದು, ವಾದವಾಗುವುದಿಲ್ಲ ಎಂದೆ. "ಹೌದ್ರಿ, ಗಾದಿ ಇದ್ದಂಗ ಅದ" ಎಂದು ಲೋಟ ತೊಳೆಯಲು ಹೋದರು.

ಈಗ ಮಾರ್ಚಿನ ಸಂಗತಿ. ನಾಶಿಕದ ಒಂದು ಲ್ಯಾಬಿನಲ್ಲಿ ಒಬ್ಬ ವೃದ್ಧರು ಬೆಳಗ್ಗೆ ಉಪವಾಸದಲ್ಲೊಮ್ಮೆ, ಊಟದ ನಂತರ ಇನ್ನೊಮ್ಮೆ ರಕ್ತ ಕೊಟ್ಟಿದ್ದರು. ಎರಡನೆಯ ರಿಪೋರ್ಟು ಮೊದಲನೆಯದನ್ನು ಅಳಿಸಿ ಅದರ ಜಾಗದಲ್ಲಿ ಕೂತಿತ್ತು. ವೃದ್ಧರು ಮತ್ತೆ ರಕ್ತ ಕೊಡಬೇಕಾಯಿತು, ಕೊಡುವಾಗ ಲ್ಯಾಬಿನವರಿಗೆ ಆಡಿದ ಮಾತನ್ನು ಲ್ಯಾಬಿನವರು ನಮಗೆ ಹಾಗೆಯೇ ದಾಟಿಸಿದ್ದರು. ಆ ಭಾಗದ ಕೋಡ್ ಬರೆದದ್ದು ನಾನು. ಆ ಕೋಡನ್ನು ಪರೀಕ್ಷಿಸಬೇಕಾದವಳು ವೈಶಾಲಿ. ಸಾತಾರಾ ಕಡೆಯವಳು, ಗುತ್ತಿಗೆಯ ಮೇಲಿದ್ದಳು, ಗುತ್ತಿಗೆ ಆ ತಿಂಗಳ ಕೊನೆಗೆ ಮುಗಿಯುವುದಿತ್ತು. ಮಗಳನ್ನು ಆ ವರ್ಷವಷ್ಟೇ ವಾಕಡದ ಶಾಲೆಗೆ ಸೇರಿಸಿದ್ದಳು. ನನ್ನ ಕೆಲಸವೂ ಕಾಯಂ ಆಗಿರಲಿಲ್ಲ, ಏಪ್ರಿಲಿನಲ್ಲಿ ಆಗಬೇಕಿತ್ತು. ಪರೀಕ್ಷಾ ವಿಭಾಗ ಈ ದೋಷವನ್ನು ಮುಂಚೆ ತಿಳಿಸಿತ್ತೇ ಇಲ್ಲವೇ, ಟಪಾಲು ನೋಡಿ ಗುರುವಾರದ ಮೀಟಿಂಗಿಗೆ ತನ್ನಿ ಎಂದು ಮ್ಯಾನೇಜರು ನನಗೇ ಹೇಳಿದರು. ಆರೋಪಿಗೆ ತನಿಖೆ ವಹಿಸಿದ್ದು ಸರಿಯೇ ಎಂಬ ಪ್ರಶ್ನೆಯನ್ನು ಆ ದಿನ ನಾನು ಎತ್ತಲಿಲ್ಲ.

ಆರಿಸಿದೆ. ಹಿಂದಿನ ಮೂರು ತಿಂಗಳಲ್ಲಿ ಬಂದವು, ಕಳಿಸಿದವರು ವೈಶಾಲಿ, ವಿಷಯದ ಸಾಲಿನಲ್ಲಿ 'ರಿಪೋರ್ಟ್'. ಆರು ಬಂದವು. ಗುಂಪಿನ ಹೆಸರನ್ನು ಮೊದಲೇ ಯೋಚಿಸಿಟ್ಟಿದ್ದೆ: 'ಸಾಕ್ಷಿ'. ಆರನ್ನೂ ಓದಿದೆ. ಒಂದರಲ್ಲೂ ಈ ದೋಷದ ಸುದ್ದಿ ಇರಲಿಲ್ಲ.

ಮೀಟಿಂಗಿನಲ್ಲಿ ಆರನ್ನೂ ಗೋಡೆಯ ಮೇಲೆ ತೋರಿಸಿ ಮಾತಾಡಿದೆ. ನಾಲ್ಕು ನಿಮಿಷ, ಒಂದು ಪದವೂ ಹೆಚ್ಚಿಲ್ಲ. ವೈಶಾಲಿ ಮರಾಠಿಯಲ್ಲಿ, "ಮೀ ಸಾಂಗಿತಲಂ ಹೋತಂ, ಮೇಲವರ," ಹೇಳಿದ್ದೆ, ಮೇಲಿನಲ್ಲೇ ಹೇಳಿದ್ದೆ, ಎಂದಳು. ಯಾವ ಮೇಲು ಎಂದೆ. ಗುತ್ತಿಗೆಯವರ ಸ್ವಂತ ಪೆಟ್ಟಿಗೆಯ ಹಳೆಯ ಮೇಲುಗಳು ತಿಂಗಳಾದ ಮೇಲೆ ತಾವಾಗಿ ಅಳಿಸಿಹೋಗುತ್ತವೆ, ಸಾರ್ವಜನಿಕ ಪೆಟ್ಟಿಗೆ ಅವರಿಗೆ ತೆರೆಯುವುದಿಲ್ಲ ಎಂಬುದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ನನಗೂ. "ಆರೂ ಇಲ್ಲಿವೆ. ಏಳನೆಯದಿದ್ದರೆ ತೋರಿಸಿ" ಎಂದೆ. ಆಕೆ ತನ್ನ ವಹಿಯನ್ನು ಮುಚ್ಚಿದಳು. ಮ್ಯಾನೇಜರು, ಗುತ್ತಿಗೆಯ ವಿಷಯ ಸೋಮವಾರ ನೋಡೋಣ ಎಂದರು. ಅದರ ಅರ್ಥ ವೈಶಾಲಿಗೂ ಆಯಿತು. ನಾನು ಗೆದ್ದಿದ್ದೆ.

ಅವರು ಮೀಟಿಂಗಿಗೆ ಬಂದಿರಲಿಲ್ಲ. ಮೀಟಿಂಗುಗಳಿಗೆ ಬರುತ್ತಲೇ ಇರಲಿಲ್ಲ. ಐದೂಕಾಲಕ್ಕೆ ಚಹಾ ಹಿಡಿದು ಬಂದು ಪಕ್ಕದಲ್ಲಿ ಕೂತರು.

"ಏನಾತು ವಕೀಲ್ರ?"

ಹೇಳಿದೆ.

"ಹೆಂಗ ಆರಿಸಿದ್ರಿ?"

ಅದನ್ನೂ ಹೇಳಿದೆ.

"'ಅಲ್ಲ' ಹಾಕಿ ನೋಡಿದ್ರೇನು?"

ನೋಡಿರಲಿಲ್ಲ. ನೋಡುವ ಅಗತ್ಯ ಯಾಕಿಲ್ಲ ಎಂದು ವಿವರಿಸಲು ಶುರುಮಾಡಿದೆ. ಅಷ್ಟರಲ್ಲಿ ಅವರು ಕೈ ಚಾಚಿ ನನ್ನ ಕೀಬೋರ್ಡಿನಲ್ಲಿ 'ಸಾಕ್ಷಿ'ಯ ಹಿಂದೆ 'ಅಲ್ಲ' ಸೇರಿಸಿದ್ದರು. ಆ ಮೂರು ತಿಂಗಳಲ್ಲಿ ಬಂದು ನನ್ನ ಗುಂಪಿಗೆ ಸೇರದಿದ್ದ ನಾಲ್ಕುನೂರ ಚಿಲ್ಲರೆ ಸಾಲು ಪರದೆಯ ಮೇಲೆ ಸುರಿದವು. "ಓದ್ರಿ" ಎಂದು ಎದ್ದು ಕಿಟಕಿಯ ಬಳಿ ಹೋದರು.

ಸಂಖ್ಯೆ 187. ಕಳಿಸಿದವರು ವೈಶಾಲಿ. ವಿಷಯ: 'ಸಂಕ್ರಾಂತಿಗೆ ಯಾರು ಏನು ತರುತ್ತೀರಿ'. ಆ ವಿಷಯದ ಸಾಲು ನನ್ನದೇ. ಹಬ್ಬದ ದಿನ ಆಫೀಸಿನಲ್ಲಿ ಒಟ್ಟಿಗೆ ತಿನ್ನೋಣ ಎಂದು ಎಲ್ಲರಿಗೂ ನಾನೇ ಬರೆದಿದ್ದೆ, ನಾನು ಎಳ್ಳುಬೆಲ್ಲ ತರುತ್ತೇನೆಂದು ಕೊನೆಯಲ್ಲಿ ಸೇರಿಸಿದ್ದೆ. ಆಕೆ ಅದಕ್ಕೇ ಉತ್ತರಿಸಿದ್ದಳು. ತಿಳಗುಳ, ನಮ್ಮ ಕಡೆಯ ಎಳ್ಳುಂಡೆ, ನಾನು ತರುತ್ತೇನೆ. ಇನ್ನೊಂದು ವಿಷಯ, ಒಬ್ಬರೇ ರೋಗಿಯ ಎರಡು ಮಾದರಿ ಒಂದೇ ದಿನ ಬಂದರೆ ಎರಡನೇ ರಿಪೋರ್ಟು ಮೊದಲನೆಯದನ್ನು ಅಳಿಸುತ್ತಿದೆ, ದಯವಿಟ್ಟು ನೋಡಿ. ಸಂಖ್ಯೆ 188, ನನ್ನ ಉತ್ತರ: ಸರಿ, ನೋಡುತ್ತೇನೆ. ತಿಳಗುಳ ಜಾಸ್ತಿ ತನ್ನಿ.

ನಾನು ಮರೆತಿದ್ದೆ ಎಂಬುದು ನನ್ನ ವಾದ. ಆ ವಾದಕ್ಕೆ ನಾನೊಬ್ಬನೇ ಸಾಕ್ಷಿ.

ಅವರು ಬಂದಾಗ ನನ್ನ ಬಳಿ ಏಳು ಅಂಶ ಸಿದ್ಧವಾಗಿದ್ದವು. ದೋಷವನ್ನು ದೋಷಗಳ ಪಟ್ಟಿಯಲ್ಲಿ ದಾಖಲಿಸಬೇಕೆಂಬ ನಿಯಮವಿದೆ. ಹಬ್ಬದ ಮೇಲಿನಲ್ಲಿ ಬರೆದದ್ದು ಆಕೆಯ ಲೋಪ. ಎರಡು ತಿಂಗಳು ಮತ್ತೆ ಕೇಳದಿದ್ದದ್ದೂ ಲೋಪ. ಹೀಗೆ. ಅವರು ಏಳನ್ನೂ ಕೇಳಿದರು.

"ಏಳೂ ಖರೆ ಅವ" ಎಂದರು. "ಈಗ ಈ ಎರಡು ಟಪಾಲಿಗೆ ಒಂದು ಹೆಸರಿಡ್ರಿ. ಓದೀರಲ್ಲ."

'ಪ್ರಕ್ರಿಯೆ' ಎಂದು ಟೈಪಿಸಿದೆ. ಅವರು ಚಹಾ ಕುಡಿದರು. ಅಳಿಸಿ 'ತಡ' ಎಂದು ಹಾಕಿದೆ. ಇನ್ನೊಂದು ಗುಟುಕು ಕುಡಿದರು. ಅಳಿಸಿ 'ನಂದು' ಎಂದು ಹಾಕಿದೆ. ಲೋಟ ಕೆಳಗಿಟ್ಟರು.

ಸೋತವನು ಸುಮ್ಮನಿರಬೇಕು. ನಾನು ಇರಲಿಲ್ಲ. ಯಾವ ಗುಂಪಿನಲ್ಲಿ ಯಾವ ಸಂಖ್ಯೆಗಳಿವೆ ಎಂದು ತೋರಿಸುವ ಆಜ್ಞೆ ಕೊಟ್ಟೆ. 'ಕಾಯತಾವ' ಎಂಬ ಸಾಲಿನಲ್ಲಿ 187 ಇತ್ತು. ಜನವರಿಯಲ್ಲೇ ಅವರು ಅದನ್ನು ಓದಿ, ನಾನು ನೋಡುತ್ತೇನೆಂದದ್ದನ್ನೂ ಓದಿ, ಕಾಯುವವುಗಳಲ್ಲಿ ಸೇರಿಸಿದ್ದರು.

"ಸಾರ್, ಇದು ನಿಮ್ಮ ಗುಂಪಲ್ಲಿತ್ತು. ಎರಡು ತಿಂಗಳು. ನೀವ್ಯಾಕೆ ನನ್ನ ಕೇಳ್ಲಿಲ್ಲ?"

ಅವರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಆ ಸಾಲನ್ನು ಹತ್ತಿರದಿಂದ ನೋಡಿದರು. ಅಷ್ಟು ಹೊತ್ತು ಅವರು ಒಂದೇ ಸಾಲು ನೋಡಿದ್ದನ್ನು ನಾನು ಕಂಡಿರಲಿಲ್ಲ.

"ಹೌದ್ರಿ" ಎಂದರು. "ಬಿಟ್ಟದ್ದನ್ನ ದಿನಾ ನೋಡ್ತಿದ್ದೆ. ಆರಿಸಿ ಇಟ್ಟದ್ದನ್ನ ತಿರುಗಿ ನೋಡ್ಲಿಲ್ಲ."

ಅವರ ವಿರುದ್ಧ ನಾನು ಗೆದ್ದ ವಾದ ಅದೊಂದೇ. ಎಂಟು ಕಪ್‌ಗಳ ಪೈಕಿ ಯಾವುದರಲ್ಲೂ ನನಗೆ ಅಷ್ಟು ಒಳ್ಳೆಯ ಅಂಶ ಸಿಕ್ಕಿರಲಿಲ್ಲ.

ಅವರು ಕೀಬೋರ್ಡ್ ತಮ್ಮ ಕಡೆ ಎಳೆದುಕೊಂಡು 'ನಂದು' ಅಳಿಸಿ 'ನಮ್ಮದು' ಎಂದು ಹೆಸರಿಟ್ಟರು.

"ಬೇಡ ಸಾರ್. ಹಾಗೆ ಹಾಕಿದ್ರೆ ಹೊಣೆ ತೆಳುವಾಗುತ್ತೆ."

"ತೆಳು ಆಗೂದಿಲ್ರಿ. ಎರಡಾಗ್ತದ."

ಗುಂಪಿನ ಹೆಸರು ಹೇಳಿ ಎರಡನ್ನೂ ಒಟ್ಟಿಗೆ ಮ್ಯಾನೇಜರಿಗೆ, ಒಂದು ಪ್ರತಿ ವೈಶಾಲಿಗೆ ಕಳಿಸುವ ಟಪಾಲು ಸಿದ್ಧಮಾಡಿದೆ. ಮೇಲೆ ನಾನು ನಾಲ್ಕು ಸಾಲು ಬರೆದೆ. ಅದರ ಕೆಳಗೆ ಅವರು ಎರಡು ವಾಕ್ಯ ಸೇರಿಸಿದರು: ಜನವರಿಯಿಂದ ಇದು ನನ್ನ ಕಾಯುವ ಗುಂಪಿನಲ್ಲಿತ್ತು. ನಾನು ಕೇಳಲಿಲ್ಲ. ನಿವೃತ್ತಿಗೆ ಅವರಿಗೆ ಮೂರು ತಿಂಗಳಿತ್ತು. ಆಮೇಲೆ ಚೀಲ ಹೆಗಲಿಗೆ ಹಾಕಿಕೊಂಡು, "ಕಳಸೂದು ಬಿಡೂದು ನೀವ ನೋಡ್ರಿ. ನನ್ನ ಬಸ್ಸಿನ ಹೊತ್ತಾತು" ಎಂದರು. ಎಂದರೇ ಹೊರತು ಹೋಗಲಿಲ್ಲ. ಚೀಲ ಹಾಕಿಕೊಂಡು ಅಲ್ಲೇ ನಿಂತಿದ್ದರು.

ಏಪ್ರಿಲಿನಲ್ಲಿ ಕಾಯಂ ಆಗುವುದು, ಮನೆಗೆ ಆಗಲೇ ಹೇಳಿಬಿಟ್ಟಿರುವುದು, ಸೋಮವಾರ ಕೋಣೆಯಲ್ಲಿ ಎಲ್ಲರ ಮುಖ, ಎಲ್ಲವೂ ನನ್ನ ಲೆಕ್ಕಕ್ಕೆ ಬಂದವು. ಅವುಗಳಿಂದ ಕೂಡ ಒಂದು ವಾದ ಕಟ್ಟಬಹುದಿತ್ತು. ಅವರ ಬಸ್ಸು ತಪ್ಪುತ್ತದೆಂದು ಕಳಿಸುವ ಆಜ್ಞೆ ಕೊಟ್ಟುಬಿಟ್ಟೆ.

ವೈಶಾಲಿಯ ಗುತ್ತಿಗೆ ಒಂದು ವರ್ಷಕ್ಕೆ ಮುಂದುವರಿಯಿತು. ನಾನು ಕಾಯಂ ಆಗುವುದು ಅಕ್ಟೋಬರಿಗೆ ಹೋಯಿತು. ಅವರನ್ನು ಮ್ಯಾನೇಜರು ಗಾಜಿನ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡು ಹತ್ತು ನಿಮಿಷ ಮಾತಾಡಿದರು. ಏನು ಮಾತಾಡಿದರೋ ತಿಳಿಯದು. ಹೊರಗೆ ಬಂದು ಡಬ್ಬಿ ಬಿಚ್ಚಿ ರೊಟ್ಟಿ ತಿಂದರು. ಚಟ್ನಿಪುಡಿ ನನಗೂ ಕೊಟ್ಟರು. ವೈಶಾಲಿ ನನ್ನ ಮೇಜಿನ ಬಳಿ ಬಂದು ನಿಂತು, "ಪುಢಚ್ಯಾ ವೇಳೀ ವಾಚ" ಎಂದು ಹೋದಳು. ಮುಂದಿನ ಸಲ ಓದು. ನಾನು ಏನೋ ಹೇಳಲು ಬಾಯಿ ತೆರೆದಿದ್ದೆ, ಆಕೆ ಕಾಯಲಿಲ್ಲ. ಇವತ್ತಿಗೂ ದೊಡ್ಡ ದೋಷ ಸಿಕ್ಕಾಗ ಆಕೆ ನಿಯಮದಂತೆ ಪಟ್ಟಿಯಲ್ಲಿ ದಾಖಲಿಸಿ, ಅದರ ಪ್ರತಿಯನ್ನು ಆ ಸಂಕ್ರಾಂತಿಯ ಮೇಲಿಗೇ ಉತ್ತರವಾಗಿ ನನಗೆ ಕಳಿಸುತ್ತಾಳೆ.

ಅವರು ಜೂನಿನಲ್ಲಿ ನಿವೃತ್ತರಾದರು. ಕೇಕಿನ ಸಂಗತಿ ಹೇಳಿದ್ದೇನೆ. ಮರುವಾರ ಆ ಕಪ್ಪು ಪರದೆಯ ಪೆಟ್ಟಿಗೆಯನ್ನು ಮುಚ್ಚಿ ಎಲ್ಲವನ್ನೂ ಬ್ರೌಸರಿನ ಹೊಸ ವ್ಯವಸ್ಥೆಗೆ ಸಾಗಿಸುವ ಕೆಲಸ ನನ್ನ ಪಾಲಿಗೆ ಬಂತು. ಆ ಯಂತ್ರದಲ್ಲಿ 'ಎಲ್ಲವನ್ನೂ' ಎನ್ನಲು ಒಂದು ನಕ್ಷತ್ರದ ಗುರುತು ಹಾಕಿದರೆ ಸಾಕು. ಹಾಕಿದೆ. ಹನ್ನೊಂದು ಸಾವಿರ ಟಪಾಲು ಸಾಗಿದವು. ಸಂಖ್ಯೆ ಎಣಿಸಿ ತಾಳೆ ನೋಡಿ ಹಳೆಯ ಯಂತ್ರವನ್ನು ಪೂರ್ತಿ ಅಳಿಸಿ ಖಾಲಿ ಮಾಡಲು ಕೊಟ್ಟೆ. ಹೆಸರು ಚುಕ್ಕಿಯಿಂದ ಶುರುವಾಗುವ ಕಡತಗಳು ಆ ನಕ್ಷತ್ರದ 'ಎಲ್ಲ'ದೊಳಗೆ ಬರುವುದಿಲ್ಲ. ಇದು ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಕೇಳಿದ್ದರೆ ಬರೆಯುತ್ತಿದ್ದೆ. ಅವರ ಎಲ್ಲ ಗುಂಪುಗಳ ಹೆಸರೂ, ಯಾವ ಹೆಸರಿಗೆ ಯಾವ ಟಪಾಲು ಎಂಬುದೂ ಅಂಥದೊಂದು ಚುಕ್ಕಿಯ ಕಡತದಲ್ಲಿ ಇತ್ತು. ಸಾಗಿಸಿದ್ದನ್ನು ಎಣಿಸಿದ್ದೆ. ಬಿಟ್ಟದ್ದನ್ನು ನೋಡಲಿಲ್ಲ.

ಆಫೀಸಿನಲ್ಲಿ ಇದು ಯಾರ ಗಮನಕ್ಕೂ ಬರಲಿಲ್ಲ, ಬರುವಂತೆಯೂ ಇರಲಿಲ್ಲ. ಭಾನುವಾರ ಕೋಥರೂಡಕ್ಕೆ ಹೋದೆ. ದಾರಿಯಲ್ಲಿ ಮೂರು ಸಮರ್ಥನೆ ತಯಾರಾಗಿದ್ದವು, ಅಭ್ಯಾಸಬಲ. ಅವರ ಹೆಂಡತಿ ಮಂಡಕ್ಕಿಯ ಬಿಸಿ ಗಿರಮಿಟ್ಟು ತಂದಿಟ್ಟರು. ಅವರು ಬನಿಯನ್ನಿನಲ್ಲಿ ಕೂತು ಪೇಪರ್ ಓದುತ್ತಿದ್ದರು. ಇಲ್ಲೂ ಬಿಟ್ಟ ಸುದ್ದಿಗಳನ್ನು ಎರಡನೇ ಸಲ ಓದುತ್ತಾರೇನೋ ಎನ್ನಿಸಿತು, ಕೇಳಲಿಲ್ಲ.

"ಸಾರ್, ನಿಮ್ಮ ಗುಂಪಿನ ಹೆಸರೆಲ್ಲ ಹೋಯ್ತು. ನಾನು ಕಳೆದೆ."

"ಟಪಾಲು ಅದಾವೇನು?"

"ಎಲ್ಲ ಇವೆ."

"ಹಂಗಾರ ಆತು. ಹೆಸರು ಮತ್ತ ಇಟ್ಟರಾತು. ಓದಬೇಕಾಗ್ತದ, ಅಷ್ಟ."

ಮೂರು ಸಮರ್ಥನೆಗಳು ಉಪಯೋಗಕ್ಕೆ ಬರಲಿಲ್ಲ. ಅವರು ಪೇಪರ್ ಮಡಚಿದರು.

"ಅದೂ ಹೋತೇನು? ನಮ್ಮದು?"

"ಹೆಸರು ಹೋಗಿದೆ ಸಾರ್. ಟಪಾಲು ಎರಡೂ ಇವೆ. ಹೊಸದರಲ್ಲಿ ಎಲ್ಲದರ ನಂಬರೂ ಬದಲಾಗಿದೆ."

"ಎಷ್ಟು ಈಗ?"

"ಹತ್ತು ಸಾವಿರದ ನಾಲ್ಕುನೂರ ಅರವತ್ತೆರಡು, ಅರವತ್ಮೂರು."

ಫೋನು ನನ್ನ ಜೇಬಿನಲ್ಲಿತ್ತು. ಅದನ್ನು ತೆಗೆಯದೆ ಹೇಳಿದ್ದನ್ನು ಅವರು ಗಮನಿಸಿರಬೇಕು. ತಟ್ಟೆಯನ್ನು ನನ್ನ ಕಡೆ ಸರಿಸಿದರು.

"ತಿನ್ರಿ ವಕೀಲ್ರ, ಆರ್ತದ."